ಮೂಸೇರಿಯ ಹದಿನೇಳನೆಯ ಕಲ್ಲು

ಊರಿನ ಪಡುವಣಕ್ಕೆ ಎರಡು ಬೋಳುಗುಡ್ಡಗಳ ನಡುವೆ ಅಡ್ಡ ಮಲಗಿರುವ ಏರಿಯನ್ನು ಮೂಸೇರಿ ಎಂದು ಕರೆಯುತ್ತಾರೆ. ಏರಿಯ ಹೆಸರೇ ಕೆರೆಗೂ ಅಂಟಿತು, ಕೆರೆಯ ಹೆಸರೇ ಊರಿಗೂ ಅಂಟಿತು. ಓದುಬಲ್ಲವರು ಬಂದಾಗಲೆಲ್ಲ ಈ ಹೆಸರಿಗೊಂದು ಮರ್ಯಾದೆಯ ಅರ್ಥ ಹಚ್ಚಿ ಹೋಗುವುದುಂಟು. ಮೂರು ಹಳ್ಳ ಸೇರುವುದರಿಂದ ‘ಮೂರುಸೇರಿ’ ಎಂದವರೊಬ್ಬರು. ಇಲ್ಲಿಗೆ ಬರುವ ಹಳ್ಳ ಒಂದೇ. ಅಕ್ಕಸಾಲಿಗರ ಮೂಸೆಯಿಂದ ಬಂದ ಹೆಸರು ಎಂದವರು ಇನ್ನೊಬ್ಬರು. ಈ ಊರಿನಲ್ಲಿ ಅಕ್ಕಸಾಲಿಗರ ಮನೆ ಎಂದೂ ಇದ್ದಂತಿಲ್ಲ. ಊರವರು ಎಲ್ಲದಕ್ಕೂ ತಲೆಯಾಡಿಸಿ ಸುಮ್ಮನಾಗುತ್ತಾರೆ, ಏಕೆಂದರೆ ನಿಜ ಹೇಳಲು ಅವರಿಗೆ ನಾಚಿಕೆ. ಮೂಸುವುದೆಂದರೆ ಮೂಸುವುದೇ, ಅದರಲ್ಲಿ ಬೇರೆ ಗುಟ್ಟಿಲ್ಲ. ಈ ಏರಿಯ ಮೇಲೆ ಕುಳಿತು ಒಬ್ಬರ ರೊಟ್ಟಿಯನ್ನು ಇನ್ನೊಬ್ಬರು ಮೂಸಿ ನೋಡಿದರು, ಅದಕ್ಕೆ ಇದು ಮೂಸೇರಿ. ಏರಿಯ ನಡುಮಧ್ಯೆ, ನೀರಿನ ಕಡೆಯ ಮೈಗೆ, ಬೀಸುವ ಕಲ್ಲಿನ ಹಾಗೆ ದುಂಡಗಿರುವ, ಆದರೆ ಅದಕ್ಕಿಂತ ಎಷ್ಟೋ ದೊಡ್ಡದಾದ ಹದಿನಾರು ಚಪ್ಪಡಿಗಳು ಸಾಲಾಗಿ ನಿಂತಿವೆ. ಸಾಲಿನ ನಡುವೆ ಒಂದು ಕಲ್ಲಿನ ಜಾಗ ಖಾಲಿ ಇದೆ. ಆ ಸಂದಿಗೆ ಮಣ್ಣು ಮತ್ತು ಕರಿಯ ಕಂಬಳಿಯ ಚೂರು ತುರುಕಿರುವುದನ್ನು ಹೋದವರೆಲ್ಲ ನೋಡಬಹುದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ ಎಂದು ಕೆಲವರು, ಅದಕ್ಕೂ ಹಿಂದೆ ಎಂದು ಕೆಲವರು, ಚಿತ್ತಾ ಮಳೆಗೆ ಈ ಏರಿ ನಡುವೆ ಬಾಯಿ ಬಿಟ್ಟಿತಂತೆ. ಆಗ ನೀರುಗಂಟಿಯಾಗಿದ್ದವನು ಕಾಟಯ್ಯನ ತಂದೆ. ಕೆರೆಯ ತೂಬು ತೆಗೆದು ಮುಚ್ಚಿ ಹೊಲಹೊಲಕ್ಕೆ ಸಮನಾಗಿ ನೀರು ಹಂಚುವುದು ನೀರುಗಂಟಿಯ ಕೆಲಸ. ಏರಿಗೆ ಆಪತ್ತು ಬಂದರೆ ತೂಬಿನ ಬಳಿ ನಿಲ್ಲುವುದೂ ಅವನದೇ ಕೆಲಸ, ಓಡುವಂತಿಲ್ಲ. ಮುದುಕ ಓಡಲಿಲ್ಲ, ಹೆಣವೂ ಸಿಗಲಿಲ್ಲ. ಕೆರೆಯಲ್ಲಿ ನೀರು ನಿಲ್ಲದೆ ಎರಡು ವರ್ಷದ ಬೆಳೆ ಹೋಯಿತು. ಮೂರನೆಯ ವರ್ಷದ ಬೇಸಿಗೆಯಲ್ಲಿ, ಆರಿದ್ರಾ ಮಳೆ ಬೀಳುವುದರೊಳಗೆ ಏರಿಯ ಬಾಯಿ ಮುಚ್ಚಲೇಬೇಕೆಂದು ಊರು ಒಟ್ಟುಗೂಡಿತು. ಎಲ್ಲರಿಗಿಂತ ಹೆಚ್ಚು ತಳಮಳ ಕಾಟಯ್ಯನಿಗೆ. ಅಪ್ಪನ ಕೋಲು ಅವನ ಕೈಗೆ ಬಂದಿತ್ತು, ಅಪ್ಪನ ಮನೆಯೂ ಬಂದಿತ್ತು. ಆ ಮನೆ ಒಡಕಿನ ನೇರ ಕೆಳಗಿತ್ತು, ಆ ಮನೆಗೆ ತುಂಬುಬಸುರಿ ಮಗಳು ತವರಿಗೆಂದು ಬಂದಿದ್ದಳು. ಏರಿ ನಿಲ್ಲದಿದ್ದರೆ ಮೊದಲು ಹೋಗುವವರು ಯಾರೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಏರಿ ಆಹುತಿ ಕೇಳುತ್ತಿದೆ ಎಂದು ಯಾರೋ ಗೊಣಗಿದರಂತೆ. ‘ಅದು ಕೇಳ್ತಿರೋದು ಮಣ್ಣು ಕಣ್ರಪ್ಪ, ಮೊದ್ಲು ಅದನ್ನ ಕೊಡಿ’ ಎಂದ ಕಾಟಯ್ಯ. ಮನೆಗೊಂದು ಆಳಿನಂತೆ ಜನ ಬಂದರು. ಪರಮೇಗೌಡ, ಊರಿನ ಯಜಮಾನ, ತಾನೇ ಮಣ್ಣು ತುಂಬಿದ ಮಂಕರಿ ಹೊತ್ತ. ಕುರುಚಲು ಹೊಲದ ಗಾದ್ರಯ್ಯ, ಯಾವಾಗಲೂ ಗಂಟಲು ಹರಿಯುವಂತೆ ಮಾತಾಡುವವನು, ಗೌಡನ ಹಿಂದೆಯೇ ಮಂಕರಿ ಹೊತ್ತ. ಎಂಟು ದಿನ ಕೆಲಸ ಗಾಣದೆತ್ತಿನ ಹಾಗೆ ತಕರಾರಿಲ್ಲದೆ ನಡೆಯಿತು. ಅದಕ್ಕೆ ಕಾರಣವಿತ್ತು. ಊರಿನಲ್ಲಿ ಕಾಳು ಇಡುತ್ತಿದ್ದುದು ಹಗೇವಿನಲ್ಲಿ, ಅಂದರೆ ನೆಲದೊಳಗೆ ಗುಡಾಣದ ಹಾಗೆ ತೋಡಿದ ಗುಂಡಿಯಲ್ಲಿ. ಬಾಯಿಗೊಂದು ದುಂಡು ಮುಚ್ಚುಗಲ್ಲು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಸಗಣಿಯ ಸಾರಣೆ. ಯಾರ ಮನೆಯಲ್ಲಿ ಹಗೇವು ಇದೆ, ಎಷ್ಟು ತುಂಬಿದೆ ಎಂಬುದು ಗಂಡಹೆಂಡಿರ ನಡುವಿನ ಮಾತು. ಎರಡು ಬೆಳೆ ಹೋದ ಮೇಲೆ ಪ್ರತಿಯೊಬ್ಬನೂ ಗುಡಿಯ ಕಟ್ಟೆಯ ಮೇಲೆ ಕುಳಿತು, ‘ನಮ್ದು ತಳ ಕಂಡು ವರ್ಷ ಆತು’ ಎಂದು ನಿಟ್ಟುಸಿರು ಬಿಡುತ್ತಿದ್ದ. ಎಲ್ಲರದೂ ಒಂದೇ ಪಾಡು ಎಂದು ಎಲ್ಲರೂ ನಂಬಿದ್ದರು. ಹಸಿವು ಸಮಪಾಲಾದರೆ ಭಾರ ಹಗುರ ನೋಡಿ.

ಆದರೆ ಕಾಟಯ್ಯನ ದನದ ಕೊಟ್ಟಿಗೆಯ ಕೆಳಗೆ ಅರ್ಧ ಹಗೇವು ಜೋಳ ಇತ್ತು. ಮಗಳ ಬಾಣಂತನಕ್ಕೆಂದು ಇಟ್ಟದ್ದು. ಅವನೂ ಕಟ್ಟೆಯ ಮೇಲೆ ಕುಳಿತು ನಿಟ್ಟುಸಿರು ಬಿಟ್ಟವನೇ, ಎಲ್ಲರಿಗಿಂತ ಉದ್ದಕ್ಕೆ ಬಿಟ್ಟವನು. ಇಡೀ ಊರು ಉಪವಾಸವಿರುವಾಗ ತಾನೊಬ್ಬನೇ ಕಳ್ಳ ಎಂದು ಅವನ ಮನಸ್ಸು ಹಗಲೆಲ್ಲ ಚುಚ್ಚುತ್ತಿತ್ತು. ನೀರನ್ನು ಸಮನಾಗಿ ಹಂಚುವವನೇ ಕಾಳು ಬಚ್ಚಿಟ್ಟಿದ್ದಾನೆ ಎಂದು ಗೊತ್ತಾದರೆ ನಾಳೆ ಅವನು ಹರಿಸಿದ ನೀರನ್ನು ಯಾರು ಸಮ ಎಂದಾರು? ಹಗೇವಿನ ಜೋಳಕ್ಕೆ ಒಂದು ಮುಗ್ಗಲು ವಾಸನೆ ಉಂಟು, ಎಷ್ಟು ತೊಳೆದರೂ ಹೋಗದು. ಕಾಟಯ್ಯನ ಹೆಂಡತಿ ಜೋಳವನ್ನು ಹುಣಸೆನೀರಿನಲ್ಲಿ ಮೂರು ಸಲ ತೊಳೆದು, ಒಣಗಿಸಿ, ಕದ ಹಾಕಿಕೊಂಡು ಬೀಸುತ್ತಿದ್ದಳು. ರೊಟ್ಟಿಯ ಮೇಲೆ ಅಣ್ಣೆಸೊಪ್ಪು ಹರಡಿ ಬಡತನದ ಮುಸುಕು ಹೊದಿಸುತ್ತಿದ್ದಳು.

ಒಂಬತ್ತನೆಯ ದಿನ ಕಾಟಯ್ಯ ಒಂದು ಒಳ್ಳೆಯ ಮಾತಾಡಿದ. ಊರು ಕೆಟ್ಟದ್ದು ಆ ಒಳ್ಳೆಯ ಮಾತಿನಿಂದಲೇ ಎನ್ನುತ್ತಾರೆ. ಊಟಕ್ಕೆಂದು ಮನೆಗೆ ಹೋದವರು ಬಿಸಿಲಿಳಿಯುವವರೆಗೆ ಬರುತ್ತಿರಲಿಲ್ಲ; ಹೊತ್ತು ಹಾಳಾಗುತ್ತಿತ್ತು. ಎಲ್ಲರೂ ಬುತ್ತಿ ಕಟ್ಟಿಕೊಂಡು ಬರೋಣ, ಏರಿಯ ಮೇಲೇ ಸಾಲಾಗಿ ಕುಳಿತು ಉಣ್ಣೋಣ ಎಂದ. ಎಲ್ಲರೂ ಹೂಂ ಎಂದರು, ಬೇಡವೆನ್ನಲು ಯಾರ ಬಳಿಯೂ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಮರುದಿನ ಮಧ್ಯಾಹ್ನ ಮಂಕರಿ ಇಳಿಸಿ, ಕೈ ತೊಳೆದು, ಸಾಲಾಗಿ ಕುಳಿತು ಬುತ್ತಿ ಬಿಚ್ಚಿದರು. ಯಾರ ಬುತ್ತಿ ನೋಡಿದರೂ ಮೇಲೆ ಸೊಪ್ಪೇ ಸೊಪ್ಪು. ಆಗ ಗುಡ್ಡದ ಕಡೆಯಿಂದ ಗಾಳಿ ಬೀಸಿತು. ಮುಗ್ಗಲು ವಾಸನೆ ಮೂಗಿಗೆ ಬಡಿದು, ಹುಣಸೆನೀರು ಮೋಸ ಮಾಡಿತು ಎಂದುಕೊಂಡ ಕಾಟಯ್ಯ. ಆದರೆ ಆ ವಾಸನೆ ಅವನ ರೊಟ್ಟಿಯದೊಂದೇ ಆಗಿರಲಿಲ್ಲ. ಸಾಲಿನ ಆ ತುದಿಯಿಂದಲೂ ಬರುತ್ತಿತ್ತು, ಈ ತುದಿಯಿಂದಲೂ ಬರುತ್ತಿತ್ತು. ಗಾದ್ರಯ್ಯ ಎದ್ದವನೇ ಗೌಡನ ಮುಂದೆ ಬಗ್ಗಿ ಅವನ ರೊಟ್ಟಿಗೆ ಮೂಗು ಹಚ್ಚಿದ. ‘ತಳ ಕಂಡು ವರ್ಷ ಆತು ಅಂದಿದ್ರಿ ಗೌಡ್ರೆ?’ ಎಂದ. ಗೌಡ ಮೋರೆ ಕೆಂಪಗೆ ಮಾಡಿಕೊಂಡು, ‘ನಿಂದು ತಾ ಇಲ್ಲಿ’ ಎಂದು ಗಾದ್ರಯ್ಯನ ರೊಟ್ಟಿ ಕಿತ್ತುಕೊಂಡು ಮೂಸಿ, ಮೂಗು ಮುರಿದು ಅವನ ಬುತ್ತಿಯ ಮೇಲೆ ಎಸೆದ. ಆಮೇಲೆ ಯಾರು ಯಾರ ರೊಟ್ಟಿ ಮೂಸಿದರೋ ಲೆಕ್ಕವಿಲ್ಲ. ಊಟ ಯಾರೂ ಮುಗಿಸಲಿಲ್ಲ.

ಮರುದಿನವೂ ಜನ ಬಂದರು, ಆದರೆ ಮಣ್ಣು ಬರಲಿಲ್ಲ. ಮಂಕರಿ ಸುರಿಯುವ ಸದ್ದಿನಲ್ಲೇ ಕಾಟಯ್ಯನಿಗೆ ಗೊತ್ತಾಗುತ್ತಿತ್ತು. ಧೊಪ್ಪೆನ್ನುತ್ತಿದ್ದದ್ದು ಈಗ ಬರೀ ಸರ್ರೆನ್ನುತ್ತಿತ್ತು. ಮಣ್ಣು ಹೊರುವ ಮುಂಚೆ ಪ್ರತಿಯೊಬ್ಬನೂ ಮುಂದಿನವನ ಮಂಕರಿಯೊಳಕ್ಕೆ ಇಣುಕುತ್ತಿದ್ದ, ಅವನಿಗಿಂತ ಒಂದು ಹಿಡಿ ಕಡಿಮೆ ತುಂಬಿಸಿಕೊಳ್ಳುತ್ತಿದ್ದ. ‘ಕೆಸರಾಗೋದು ಎಲ್ರ ಕೈನೂ, ಮೊಸರಾಗೋದು ಕೆಲವ್ರ ಬಾಯಿ ಮಾತ್ರ. ಉಂಡೋರು ಹೊರಲಿ’ ಎಂದು ಗಾದ್ರಯ್ಯ ಸಾರಿದ. ಗೌಡನ ಕಡೆಯವರಿಗೂ ಬಾಯಿ ಇತ್ತು. ‘ನಮ್ಮಪ್ಪ ತೋಡಿದ ಹಗೇವು, ನಾವು ಬೆಳೆದ ಕಾಳು. ಕದ್ದಿದ್ದೇನಲ್ಲ’ ಎಂದರು. ಕದ್ದದ್ದು ಎಂದು ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಆ ದಿನ ಸಾಲುಗಟ್ಟಿದ್ದರು. ಕಾಟಯ್ಯನೂ ಆ ಸಾಲಿನಲ್ಲೇ ಇದ್ದ. ತಾನೊಬ್ಬನೇ ಕಳ್ಳ ಎಂದುಕೊಂಡಿದ್ದವನಿಗೆ ಜೊತೆಗಾರರು ಸಿಕ್ಕಿದ್ದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತನ್ನ ಜೋಳಕ್ಕೆ ಮಗಳ ನೆಪವಿದೆ, ಇವರಿಗೇನು ದಾಡಿ ಎಂದು ಅವನ ಹೊಟ್ಟೆ ಉರಿಯಿತು.

ಎಲ್ಲರೂ ಎಲ್ಲರನ್ನೂ ಬೈದು ಸಾಕಾದ ಮೇಲೆ, ಬೈಯಲು ಸುಲಭವಾದ ಒಬ್ಬಳು ಸಿಕ್ಕಳು. ಅವಳೇ ಭರಮವ್ವ. ಅವಳ ಗಂಡ ಊರ ಹಗೇವುಗಳಿಗೆ ಇಳಿದು ಕಾಳು ತೋಡುತ್ತಿದ್ದವನು. ಮುಚ್ಚಿದ ಹಗೇವಿನೊಳಗೆ ಕೆಟ್ಟಗಾಳಿ ಇರುತ್ತದೆ. ಕಲ್ಲು ತೆಗೆದು ಒಂದು ದಿನ ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಒಮ್ಮೆ ಗೌಡರ ಮನೆಯ ಮದುವೆಯ ಅವಸರಕ್ಕೆ ದೀಪ ಬಿಡದೆ ಇಳಿದವನು ಮೇಲೆ ಬಂದದ್ದು ಹೆಣವಾಗಿ. ದುರ್ಮರಣ ಎಂದು ಅವನನ್ನು ಊರಾಚೆ, ಜಾಲಿಮುಳ್ಳಿನ ನಡುವೆ ಹೂಳಿದರು, ಆಮೇಲೆ ಆ ಕಡೆ ಯಾರೂ ಸುಳಿಯಲಿಲ್ಲ. ಹಗ್ಗ ಭರಮವ್ವನ ಸೊಂಟಕ್ಕೆ ಬಂತು. ಊರಿನ ಯಾವ ಮನೆಯ ನೆಲದಡಿ ಏನಿದೆ ಎಂದು ಬಲ್ಲವಳು ಅವಳೊಬ್ಬಳೇ; ಹಗೇವಿಗೆ ಇಳಿದ ಬಾಯಿ ಮುಚ್ಚಿರಬೇಕು ಎಂಬುದು ಆ ಕೆಲಸದ ಕಟ್ಟು. ಅವಳ ಕಂಬಳಿಯಲ್ಲಿ, ಕೂದಲಲ್ಲಿ, ಕೈಯ ಗೆರೆಗಳಲ್ಲಿ ಊರ ಹಗೇವುಗಳ ವಾಸನೆಯೆಲ್ಲ ಸೇರಿಕೊಂಡಿತ್ತು. ಅವಳ ಬುತ್ತಿಯಲ್ಲಿ ಸೊಪ್ಪಿನ ಕೆಳಗೂ ಸೊಪ್ಪೇ ಇತ್ತು, ಆದರೆ ಎಲ್ಲರಿಗಿಂತ ಗಾಢವಾಗಿ ನಾರುತ್ತಿದ್ದವಳು ಅವಳೇ. ಮೂಗನ್ನೇ ನಂಬಲು ಹೊರಟ ಊರಿಗೆ ಇನ್ನೇನು ಬೇಕು?

ಅವಳ ಗುಡಿಸಲಿಗೆ ನುಗ್ಗಿದರು. ಗಡಿಗೆ ಬೋರಲು ಹಾಕಿದರು, ಚಾಪೆ ಕೊಡವಿದರು, ಒಂದು ಕಾಳು ಉದುರಲಿಲ್ಲ. ‘ನೆಲ ಅಗೀರಿ’ ಎಂದು ಯಾರೋ ಕೂಗಿದರು. ಹಾರೆ ಎತ್ತಿದ ಗಾದ್ರಯ್ಯ ಎತ್ತಿದಂತೆಯೇ ನಿಂತ. ಬೇಡ ಎಂದ ಗೌಡ. ಬೇಡ ಬೇಡ ಎಂದರು ಹತ್ತಾರು ಜನ. ಇವಳ ನೆಲ ಇಂದು ಅಗೆದರೆ ನಾಳೆ ಯಾರ ನೆಲ ಎಂಬ ಪ್ರಶ್ನೆ ಎಲ್ಲರ ಮುಖದ ಮೇಲೂ ಬರೆದಂತಿತ್ತು. ಹಾಗೆ ತನ್ನ ನೆಲದ ಭಯಕ್ಕೆ ಊರು ಅವಳ ನೆಲ ಉಳಿಸಿತು. ಭರಮವ್ವ ಬಾಗಿಲಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದವಳು, ಅವರು ಹೋದ ಮೇಲೆ ಗಡಿಗೆ ಎತ್ತಿಟ್ಟು, ಮಂಕರಿ ತೆಗೆದುಕೊಂಡು ಏರಿಗೆ ನಡೆದಳು. ಆ ಮಧ್ಯಾಹ್ನ ಏರಿಗೆ ಬಿದ್ದ ತುಂಬು ಮಂಕರಿಗಳೆಲ್ಲ ಅವಳವೇ.

ರೋಹಿಣಿ ಕಳೆಯಿತು, ಮೃಗಶಿರೆಯೂ ಮುಗಿಯುತ್ತ ಬಂತು. ಒಡಕು ಬಾಯಿ ತೆರೆದುಕೊಂಡೇ ಇತ್ತು. ಹಾಕಿದ ಮಣ್ಣು ಕಲ್ಲಿನ ಆಸರೆಯಿಲ್ಲದೆ ಜಾರುತ್ತಿತ್ತು. ಗುಡ್ಡದಿಂದ ಕಲ್ಲು ತರೋಣವೆಂದರೆ ನೀನು ಬಾ, ನೀನು ಮೊದಲು ಬಾ ಎಂದು ಜಗಳ. ಒಂದು ಬೆಳಿಗ್ಗೆ ಕಾಟಯ್ಯ ಭರಮವ್ವನ ಗುಡಿಸಲಿಗೆ ಹೋದ. ಯಾರ ಯಾರ ಮನೆಯಲ್ಲಿ ಎಷ್ಟಿದೆ ಎಂದು ಅವಳು ಒಮ್ಮೆ ಬಾಯಿ ಬಿಟ್ಟರೆ ಊರಿನ ಅನುಮಾನ ತೀರುತ್ತದೆ ಎಂಬುದು ಅವನ ಎಣಿಕೆ.

‘ಅಕ್ಕಾ, ನನ್ನ ಮನೆ ಕೊಚ್ಚಿ ಹೋಗ್ತೈತೆ. ಮಗಳು ತುಂಬಿದ ಬಸುರಿ. ಹೇಳಿಬಿಡಕ್ಕಾ.’

‘ಹೇಳ್ತೀನಿ ಬಿಡು. ಮೊದ್ಲು ಯಾರ್ದು ಹೇಳ್ಲಿ ತಮ್ಮಾ? ನಿಂದೇ ಹೇಳ್ಲಾ?’ ಎಂದಳು ಭರಮವ್ವ, ತಲೆ ಎತ್ತದೆ.

ಕಾಟಯ್ಯನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಅವನ ಕೊಟ್ಟಿಗೆಯ ಹಗೇವಿಗೂ ಇಳಿದವಳು ಅವಳೇ ಅಲ್ಲವೇ? ಅವನು ಮನೆಗೆ ಬಂದು, ದನ ಹೊರಗೆ ಕಟ್ಟಿ, ಸಗಣಿ ಸಾರಣೆ ಕಿತ್ತು, ಮುಚ್ಚುಗಲ್ಲಿಗೆ ಹಾರೆ ಹಾಕಿದ. ಹೆಂಡತಿ ಬಾಯಿಗೆ ಸೆರಗು ಹಿಡಿದು ಅತ್ತಳು. ಮಳೆಗಾಲ ಎದುರಿಗಿರುವಾಗ ಕಲ್ಲಿಲ್ಲದ ಹಗೇವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಳಗಿನ ಕಾಳನ್ನು ಹಂಚಿ ತಿನ್ನಬೇಕು ಇಲ್ಲವೇ ಕೊಳೆಸಬೇಕು. ಅದು ಗೊತ್ತಿದ್ದೇ ಕಾಟಯ್ಯ ಆ ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ಬಂಡಿಯ ಗಾಲಿಯ ಹಾಗೆ ಉರುಳಿಸಿಕೊಂಡು, ನಡುಬೀದಿಯಲ್ಲಿ ಎಲ್ಲರ ಕಣ್ಣೆದುರು ಏರಿಗೆ ತಂದು ಒಡಕಿನ ಬುಡಕ್ಕೆ ನಿಲ್ಲಿಸಿದ. ‘ನನ್ನ ಹಗೇವಿನ ಕಲ್ಲು. ಜೋಳ ಕೊಟ್ಟಿಗೇಲೈತೆ, ಬಂದು ಮೂಸ್ಕೊಳ್ರಿ’ ಎಂದ. ಜನ ಬಂದು ನೋಡಿದರು, ಮೂಸಿದರು. ಆದರೆ ಅನುಮಾನಕ್ಕೆ ಮದ್ದಿಲ್ಲ ಎಂಬುದು ಸುಳ್ಳಲ್ಲ. ‘ತೋರಿಸಿದ್ದು ಇಷ್ಟು, ಬಚ್ಚಿಟ್ಟಿದ್ದು ಎಷ್ಟೋ’ ಎಂದ ಗಾದ್ರಯ್ಯ, ಸುತ್ತ ನಿಂತವರು ಹೌದೆಂಬಂತೆ ಕೆಮ್ಮಿದರು.

ಆಗ ಭರಮವ್ವ ಮಂಕರಿ ಇಳಿಸಿ ಬಾಯಿ ಬಿಟ್ಟಳಂತೆ. ಯಾರ ಹೆಸರನ್ನೂ ಎತ್ತಲಿಲ್ಲ. ‘ಒಂದು ಬಂತು. ನಾನು ಇಳಿದಿರೋ ಹಗೇವು ಈ ಊರಲ್ಲಿ ಹದಿನೇಳು. ಇನ್ನು ಹದಿನಾರು ಕಲ್ಲು ಬರಬೇಕು’ ಎಂದಷ್ಟೇ ಹೇಳಿ ಮಂಕರಿ ಎತ್ತಿಕೊಂಡಳು. ಅಷ್ಟು ಸಾಕಾಯಿತು. ಹೆಸರು ಹೇಳಿದ್ದರೆ ಆ ಮನೆಗಳವರೆಲ್ಲ ಸೇರಿ ಅವಳನ್ನು ಹರಿದು ಹಾಕುತ್ತಿದ್ದರೋ ಏನೋ. ಬರೀ ಎಣಿಕೆ ಹೇಳಿದ್ದಕ್ಕೆ ಅದೇ ಜನ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಸಂಜೆಯೊಳಗೆ ಎರಡನೆಯ ಕಲ್ಲು ಉರುಳಿ ಬಂತು. ಅದು ಗೌಡನದು, ಕೊನೆಯವನೆನಿಸಿಕೊಳ್ಳುವುದಕ್ಕಿಂತ ಮೊದಲಿಗನೆನಿಸಿಕೊಳ್ಳುವುದು ಲೇಸೆಂದು ಅವನು ಬೇಗ ಕಂಡುಕೊಂಡ. ಮರುದಿನ ಐದು, ಅದರ ಮರುದಿನ ನಾಲ್ಕು. ಹನ್ನೆರಡನೆಯದನ್ನು ಉರುಳಿಸಿಕೊಂಡು ಬಂದವನು ಗಾದ್ರಯ್ಯ. ಎಲ್ಲರಿಗಿಂತ ದೊಡ್ಡ ಗಂಟಲಿನವನು ಆ ದಿನ ಕೆಮ್ಮಲೂ ಇಲ್ಲ. ಬಾಯಿ ತೆರೆದ ಹಗೇವುಗಳ ಜೋಳವೆಲ್ಲ ಏರಿಯ ಮೇಲಿನ ಒಲೆಗಳಿಗೆ ಬಂತು. ಎಲ್ಲರಿಗೂ ಒಂದೇ ಮುಗ್ಗಲು ರೊಟ್ಟಿ. ಒಂದೇ ವಾಸನೆಯ ರೊಟ್ಟಿಯನ್ನು ಯಾರು ಯಾಕೆ ಮೂಸಿಯಾರು? ಮಂಕರಿಗಳು ಮತ್ತೆ ಧೊಪ್ಪೆನ್ನತೊಡಗಿದವು. ಕಾಟಯ್ಯ ಎಷ್ಟೋ ದಿನದ ಮೇಲೆ ಮನಸಾರೆ ನಕ್ಕ.

ಒಡಕಿನ ಎರಡೂ ಬದಿಯಿಂದ ಹದಿನಾರು ಕಲ್ಲು ನಿಂತವು, ನಡುವೆ ಒಂದರ ಜಾಗ ಉಳಿಯಿತು. ಹದಿನೇಳನೆಯದು ಬರಲಿಲ್ಲ. ಎರಡು ದಿನ ಕಾದರು, ಬರಲಿಲ್ಲ. ಗುಡ್ಡದಿಂದ ಒಂದು ಚಪ್ಪಡಿ ತಂದು ನಿಲ್ಲಿಸೋಣವೆಂದ ಕಾಟಯ್ಯ. ಗಾದ್ರಯ್ಯನಿಗೆ ಗಂಟಲು ಮರಳಿ ಬಂದಿತ್ತು. ‘ನಾವೆಲ್ಲ ಮಾನ ಬಿಟ್ಟು ತಂದ್ವಿ. ಅವನೊಬ್ಬ ಯಾಕೆ ಉಳೀಬೇಕು? ಆ ಜಾಗ ಖಾಲಿ ಬಿಡ್ರಿ, ನೋಡಿ ನೋಡಿ ಸಾಯ್ಲಿ’ ಎಂದ. ಗೌಡ ಕೂಡ ಹೌದೆಂದ. ಅವರಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು. ‘ಕಳ್ಳನಿಗೇಂತ ಬಾಗಿಲು ತೆರೆದಿಟ್ಟು ಮಳೇನ ಕರೀತೀರಾ?’ ಎಂದು ಕಾಟಯ್ಯ ಗೋಗರೆದ. ಹೆಚ್ಚು ಮಾತಾಡಿದರೆ ಆ ಕಲ್ಲೂ ನಿನ್ನದೇ ಇರಬೇಕು ಎಂದರು. ಅವನು ಆ ಸಂದಿಗೆ ಹಸಿಮಣ್ಣು ಮೆತ್ತಿದ. ಭರಮವ್ವ ದೂರದಲ್ಲಿ ನಿಂತು ಆ ಖಾಲಿ ಜಾಗವನ್ನೇ ನೋಡುತ್ತಿದ್ದುದು ಅವನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಆರಿದ್ರಾ ಮಳೆ ಹಗಲಿಗೇ ಬಂತು. ಗುಡ್ಡದಿಂದ ಇಳಿದ ಕೆಂಪು ನೀರು ಹೊತ್ತು ಇಳಿಯುವ ಮುಂಚೆ ಕಲ್ಲುಗಳ ಕೊರಳಿಗೆ ಏರಿತು. ಕಾಟಯ್ಯ ಕಟ್ಟಳೆಯಂತೆ ತೂಬಿನ ಬಳಿ ನಿಂತ. ಹದಿನಾರು ಕಲ್ಲು ಅಲುಗಲಿಲ್ಲ, ಸಂದಿಯ ಮಣ್ಣು ಮಾತ್ರ ಕಲಸಿಟ್ಟ ಹಿಟ್ಟಿನ ಹಾಗೆ ಕರಗಿ ನೀರು ಬುಳುಬುಳು ಒಳನುಗ್ಗಿತು. ಏರಿಯ ಮೇಲಿದ್ದ ಜನ ಎರಡೂ ಗುಡ್ಡಗಳ ಕಡೆಗೆ ಓಡಿದರು. ಕೆಳಗೆ ಅವನ ಮನೆಯ ಮಾಳಿಗೆ ಕಾಣುತ್ತಿತ್ತು. ಅವನು ಗಂಟಲು ಹರಿಯುವಂತೆ ಮಗಳನ್ನು ಕೂಗುತ್ತಿದ್ದಾಗ ಭರಮವ್ವ ಏರಿಯ ಒಳಮೈಗೆ ಜಾರಿ ಇಳಿದಳು. ಹಗೇವಿಗೆ ಇಳಿದು ಇಳಿದು ಪಳಗಿದ ಕಾಲು ಅದು. ಮೈಮೇಲಿನ ಕಂಬಳಿ ಕಿತ್ತು, ಮಣ್ಣಿನ ಉಂಡೆ ಸುತ್ತಿ, ಸಂದಿಗೆ ತುರುಕಿ, ಬೆನ್ನು ಕೊಟ್ಟು ನಿಂತಳು. ಕಾಟಯ್ಯ ತೂಬು ಬಿಟ್ಟು ಓಡಿ ಬಂದು ಮಣ್ಣು ಹಾಕಿದ, ಇನ್ನೂ ಹಾಕಿದ. ಓಡಿದವರಲ್ಲಿ ಕೆಲವರು ಮರಳಿ ಬಂದರು. ನೀರು ನಿಂತಿತು. ‘ನನ್ನ ಕಲ್ಲು ಇದೇ ಅಂದ್ಕೋ ತಮ್ಮಾ’ ಎಂದಳು ಅವಳು, ಹಲ್ಲು ಕಟಕಟಿಸುತ್ತ. ಚಳಿಗೆ ಏನೋ ಬಡಬಡಿಸುತ್ತಾಳೆ ಎಂದುಕೊಂಡ ಕಾಟಯ್ಯ.

ಕಂಬಳಿ ಏರಿಯಲ್ಲಿ ಉಳಿಯಿತು. ಆ ಮಳೆಗಾಲದಲ್ಲಿ ಕಂಬಳಿಯಿಲ್ಲದ ಮುದುಕಿ ಜ್ವರ ಹಿಡಿದು ಎಂಟನೆಯ ದಿನಕ್ಕೆ ತೀರಿಕೊಂಡಳು. ಅದೇ ದಿನ ಕಾಟಯ್ಯನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಭರಮವ್ವನನ್ನು ಗಂಡನ ಪಕ್ಕದಲ್ಲೇ ಹೂಳೋಣವೆಂದು ಜನ ಜಾಲಿಮುಳ್ಳು ಕಡಿದುಕೊಂಡು ಒಳಗೆ ಹೋದರು. ಅವನ ಸಮಾಧಿಯ ಮೇಲೆ, ಸಗಣಿ ಸಾರಿಸಿದ ಗುರುತು ಇನ್ನೂ ಅಂಚಿಗೆ ಅಂಟಿದ್ದ, ದುಂಡು ಮುಚ್ಚುಗಲ್ಲು ಮಲಗಿತ್ತು. ತಿನ್ನುವವನೇ ಹೋದ ಮೇಲೆ ತುಂಬಲು ಕಾಳೂ ಇಲ್ಲದ ತನ್ನ ಹಗೇವಿನ ಕಲ್ಲನ್ನು ಅವಳು ಎಂದೋ ತಂದು ಗಂಡನ ಮೇಲೆ ಹೊದಿಸಿದ್ದಳು. ಇಳಿದಿದ್ದ ಹಗೇವುಗಳನ್ನು ಎಣಿಸುವಾಗ ತನ್ನದನ್ನು ಬಿಡದೆ ಎಣಿಸಿದ್ದಳು. ಕಾಟಯ್ಯ ಕುಳಿತು ಕಲ್ಲಿನ ಅಂಚನ್ನು ಮುಟ್ಟಿ ನೋಡಿದ. ಅವನ ಹಿಂದೆ ಯಾರೋ ಮೆಲ್ಲಗೆ, ಸಮಾಧಾನದ ದನಿಯಲ್ಲಿ ಅಂದರು: ‘ನೋಡಿದ್ರಾ? ಅವಳಿಗೂ ಇತ್ತು.’

ಕಾಟಯ್ಯ ಎದ್ದ. ಹೆಣ ಇಳಿಸಲು ಬಿಡದೆ ಊರನ್ನೆಲ್ಲ ಅವಳ ಗುಡಿಸಲಿಗೆ ನಡೆಸಿಕೊಂಡು ಬಂದ. ಹಾರೆ ತೆಗೆದು, ಅಂದು ಊರು ಹೆದರಿ ಬಿಟ್ಟಿದ್ದ ಆ ನೆಲವನ್ನು ತಾನೇ ಅಗೆದ. ಗೇಣು ಮಣ್ಣಿನಡಿ ಒಂದು ಹಳೆಯ ಚಾಪೆ, ಚಾಪೆಯಡಿ ಒತ್ತಾಗಿ ಹಾಸಿದ ಜಾಲಿಯ ಕೊರಡು, ಅದರಡಿ ಹಗೇವಿನ ಬಾಯಿ. ‘ಮೂಸ್ರೋ! ಒಬ್ಬೊಬ್ಬರಾಗಿ ಬಂದು ಮೂಸ್ರೋ!’ ಎಂದು ಕೂಗಿದನಂತೆ. ಅಳುತ್ತಿದ್ದನೋ ಬೈಯುತ್ತಿದ್ದನೋ ಹೇಳುವುದು ಕಷ್ಟವಾಗಿತ್ತು. ಗೌಡ ಬಗ್ಗಿ ಮೂಸಿದ, ಗಾದ್ರಯ್ಯ ಬಗ್ಗಿ ಮೂಸಿದ. ಒಣಮಣ್ಣಿನ ವಾಸನೆಯ ಹೊರತು ಏನೂ ಇರಲಿಲ್ಲ. ಅವಳ ಕಲ್ಲನ್ನು ತಂದು ಏರಿಯಲ್ಲಿ ನಿಲ್ಲಿಸೋಣ ಎಂದು ಗೌಡ ಈಗ ತಾನಾಗಿ ಹೇಳಿದ. ಅದನ್ನು ಮುಟ್ಟಿದವರ ಹೊಲಕ್ಕೆ ನೀರು ಬಿಡುವುದಿಲ್ಲ ಎಂದ ಕಾಟಯ್ಯ. ನೀರುಗಂಟಿಯಾದವನು ಒಬ್ಬರಿಗೆ ನೀರು ಬಿಡುವುದಿಲ್ಲವೆಂದದ್ದು ಆ ಊರಿನಲ್ಲಿ ಅದೊಂದೇ ಸಲ.

ಇಂದಿಗೂ ಮಳೆಗಾಲದ ಮುಂಚೆ ನೀರುಗಂಟಿ ಮನೆತನದವರು ಆ ಸಂದಿಗೆ ಒಂದು ತುಂಡು ಕಂಬಳಿಯಲ್ಲಿ ಮಣ್ಣು ಸುತ್ತಿ ತುರುಕುತ್ತಾರೆ. ಕೆರೆ ತುಂಬಿದ ವರ್ಷ ಅದು ಸ್ವಲ್ಪ ಜಿನುಗುತ್ತದೆ, ಏರಿ ನಿಲ್ಲುತ್ತದೆ. ಜಾಲಿಮುಳ್ಳಿನ ನಡುವೆ ದುಂಡುಗಲ್ಲು ಹಾಗೆಯೇ ಇದೆ, ಈಗ ಅದರ ಪಕ್ಕದಲ್ಲಿ ಇನ್ನೊಂದು ದಿಬ್ಬ. ಆ ಖಾಲಿ ಹಗೇವಿನಲ್ಲಿ ಭರಮವ್ವ ಇನ್ನೇನನ್ನೋ ಇಟ್ಟಿದ್ದಳೆಂದು ಹೇಳುವವರು ಊರಿನಲ್ಲಿ ಇನ್ನೂ ಇದ್ದಾರೆ. ಏರಿಯ ಸಂದಿಯ ಕಂಬಳಿಗೆ ಮೂಗು ಹಚ್ಚಿದರೆ ಹಗೇವಿನ ಜೋಳದ ವಾಸನೆ ಬರುತ್ತದೆ ಎನ್ನುತ್ತಾರೆ. ನೋಡಲು ಹೋದವರು ಒಬ್ಬರಾದ ಮೇಲೆ ಒಬ್ಬರು ಬಗ್ಗುತ್ತಾರೆ. ಬರೀ ಮಣ್ಣು, ಬರೀ ಒದ್ದೆ ಉಣ್ಣೆ ಎಂದು ಮೊದಲನೆಯವನು ಹೇಳುತ್ತಾನೆ. ಎರಡನೆಯವನು ಅವನ ಮುಖವನ್ನೊಮ್ಮೆ ನೋಡಿ, ತಾನೂ ಬಗ್ಗುತ್ತಾನೆ.